ಬಾಗಿಲು ತೆರೆದ ಡಾಕ್ಟರಮ್ಮ: ಮುತ್ತುಲಕ್ಷ್ಮಿ ರೆಡ್ಡಿ

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದಾಗ ನಾನು ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರನ್ನು ಬರೆದುಕೊಟ್ಟೆ. ನನ್ನ ತರಗತಿಯ ಗೆಳತಿಯರಲ್ಲಿ ಹೆಚ್ಚಿನವರಿಗೆ ಆ ಹೆಸರು ಹೊಸದು. ತಮಿಳುನಾಡಿನ ಡಾಕ್ಟರರ ಬಗ್ಗೆ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಎಂದು ಒಬ್ಬಳು ಕೇಳಿದಳು. ಅದಕ್ಕೆ ಉತ್ತರ ನಮ್ಮ ಉಚ್ಚಂಗಿದುರ್ಗದಲ್ಲಿಯೇ ಇದೆ. ಆದ್ದರಿಂದ ಮೊದಲು ನಮ್ಮ ಬೆಟ್ಟದ ವಿಷಯ ಹೇಳಿ ಆಮೇಲೆ ಅವರ ಜೀವನಕ್ಕೆ ಬರುತ್ತೇನೆ.

ನಮ್ಮ ಬೆಟ್ಟ, ಅವರ ಕಾನೂನು

ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನ ಊರು. ಒಂದು ಕಾಲದಲ್ಲಿ ಉಚ್ಚಂಗಿ ಪಾಂಡ್ಯರ ರಾಜಧಾನಿ. ಬೆಟ್ಟದ ಮೇಲೆ ಕೋಟೆ ಇದೆ, ಉಚ್ಚಂಗೆಮ್ಮ ದೇವಿಯ ಗುಡಿ ಇದೆ. ಭರತ ಹುಣ್ಣಿಮೆಗೆ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಬಸ್ಸು, ಟ್ರ್ಯಾಕ್ಟರ್, ಎತ್ತಿನ ಗಾಡಿ ಎಲ್ಲವೂ ನಮ್ಮ ಕಡೆಯ ರಸ್ತೆಗಳಲ್ಲಿ ಸಾಲು ಹಿಡಿಯುತ್ತವೆ. ನಮ್ಮ ಸಮುದಾಯದವರೂ ಜಾತ್ರೆಯಲ್ಲಿ ಬಳೆ, ಮಂಡಕ್ಕಿ, ಆಟಿಕೆ ಮಾರುತ್ತಾರೆ. ಭಕ್ತರಿಗೆ ಆ ತಾಯಿಯ ಮೇಲೆ ಇರುವ ಪ್ರೀತಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಅದೇ ಹುಣ್ಣಿಮೆಯಲ್ಲಿ ಪೊಲೀಸರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಕಾವಲು ನಿಲ್ಲುತ್ತಾರೆ. ದೇವದಾಸಿ ಪದ್ಧತಿ ಅಪರಾಧ ಎಂಬ ಫಲಕಗಳನ್ನು ಹಾಕುತ್ತಾರೆ. ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಈ ಭಾಗದಲ್ಲಿ ಬಹಳ ಕಾಲ ಇತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ಬಸವಿ ಬಿಟ್ಟು, ಆಕೆಯೇ ಮಗನಂತೆ ಆಸ್ತಿ ನೋಡಿಕೊಂಡು ತಂದೆತಾಯಿಯನ್ನು ಸಾಕಬೇಕು ಎನ್ನುತ್ತಿದ್ದರು. ಮನೆಯಲ್ಲಿ ಕಾಯಿಲೆ ಬಂದರೆ ಹರಕೆಯಾಗಿಯೂ ಬಿಡುತ್ತಿದ್ದರು. ಹರಕೆ ದೊಡ್ಡವರದು, ಅದರ ಭಾರ ಹೊತ್ತದ್ದು ಇನ್ನೂ ಆಟದ ವಯಸ್ಸಿನ ಮಗು. ಆ ಮಗು ಮದುವೆಯಾಗುವಂತಿರಲಿಲ್ಲ. ಮೈನೆರೆದ ಮೇಲೆ ಊರಿನ ಬಲವಂತರ ಕೈಗೆ ಸಿಗುತ್ತಿತ್ತು. ಇದರಲ್ಲಿ ಹೆಚ್ಚಿನವರು ಬಡ ದಲಿತ ಮನೆಗಳ ಹುಡುಗಿಯರು.

ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಪ್ರಾಂತದ ಭಾಗ. ಅಂದರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಉಚ್ಚಂಗಿದುರ್ಗಕ್ಕೆ ಕಾನೂನು ಮಾಡುತ್ತಿದ್ದದ್ದು ಮದ್ರಾಸಿನ ಶಾಸನಸಭೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದ 1947ರ ಮದ್ರಾಸ್ ಕಾನೂನು ನಮ್ಮ ಬೆಟ್ಟಕ್ಕೂ ಅನ್ವಯಿಸಿತು. ಆ ಕಾನೂನಿಗಾಗಿ ಇಪ್ಪತ್ತು ವರ್ಷ ಹೋರಾಡಿದವರು ಮುತ್ತುಲಕ್ಷ್ಮಿ ರೆಡ್ಡಿ. ಅವರು ಕಾನೂನಿನಷ್ಟಕ್ಕೇ ನಿಲ್ಲಲಿಲ್ಲ. ಪೆಟ್ಟು ತಿಂದ ಮಕ್ಕಳಿಗೆ ಮುಂದೆ ಏನು ಎಂಬ ಪ್ರಶ್ನೆಗೂ ತಮ್ಮ ಮನೆಯಲ್ಲೇ ಉತ್ತರ ಹುಡುಕಿದರು. ನಾನು ಅವರನ್ನು ಆರಿಸಿಕೊಂಡದ್ದು ಮುಖ್ಯವಾಗಿ ಆ ಎರಡನೆಯ ಕೆಲಸಕ್ಕಾಗಿ.

ಹುಟ್ಟು ಮತ್ತು ಓದು

ಮುತ್ತುಲಕ್ಷ್ಮಿ 1886ರ ಜುಲೈ 30ರಂದು ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಕುಲದಲ್ಲಿ ಹುಟ್ಟಿದವರು. ಈ ಸಂಬಂಧಕ್ಕಾಗಿ ತಂದೆಯನ್ನು ಅವರ ಮನೆಯವರು ದೂರ ಇಟ್ಟರು. ಹೀಗಾಗಿ ಜನ ತಾಯಿಯ ಕುಲ ಕೇಳಿ ಮುಖ ತಿರುಗಿಸುವುದು ಹೇಗಿರುತ್ತದೆ ಎಂಬುದು ಆ ಹುಡುಗಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯ ಆಗಿರಲಿಲ್ಲ.

ಆ ಕಾಲದ ಪದ್ಧತಿಯಂತೆ ಮೈನೆರೆದ ಕೂಡಲೇ ಶಾಲೆ ಬಿಡಿಸಿದರು. ತಾಯಿಗೆ ಮಗಳ ಮದುವೆಯ ಚಿಂತೆ, ಮಗಳಿಗೆ ಓದುವ ಹಠ. ಮನೆಯಲ್ಲೇ ಪಾಠ ಮುಂದುವರಿಯಿತು. ಮೆಟ್ರಿಕ್ಯುಲೇಷನ್ ಪಾಸಾಗಿ ಅವರು ಮಹಾರಾಜಾ ಕಾಲೇಜಿಗೆ ಅರ್ಜಿ ಹಾಕಿದಾಗ ದೊಡ್ಡ ಗದ್ದಲವಾಯಿತು. ಅದು ಹುಡುಗರ ಕಾಲೇಜು. ಒಬ್ಬ ಹುಡುಗಿ ಬಂದರೆ ಗಂಡುಮಕ್ಕಳು ಕೆಡುತ್ತಾರೆ ಎಂದು ಪೋಷಕರು ವಿರೋಧಿಸಿದರು. ಆಕೆಯ ತಾಯಿಯ ಕುಲವನ್ನೂ ಎತ್ತಿ ಆಡಿದರು. ಕೊನೆಗೆ ಪುದುಕೋಟೆಯ ಮಹಾರಾಜರೇ ಪ್ರವೇಶ ಕೊಡಿಸಿ ವಿದ್ಯಾರ್ಥಿವೇತನವನ್ನೂ ಕೊಟ್ಟರು. ಆ ಕಾಲೇಜಿನ ಮೊದಲ ವಿದ್ಯಾರ್ಥಿನಿ ಅವರೇ.

1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. 1912ರಲ್ಲಿ ಬಹುಮಾನ, ಪದಕಗಳೊಂದಿಗೆ ಡಾಕ್ಟರಾಗಿ ಹೊರಬಂದರು. ದೇಶದ ಮೊದಲ ತಲೆಮಾರಿನ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು. ಮದ್ರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾದರು. ತನ್ನನ್ನು ಸಮಾನಳೆಂದು ಕಾಣಬೇಕು, ಬಡರೋಗಿಗಳ ಸೇವೆಗೆ ಅಡ್ಡಿ ಮಾಡಬಾರದು ಎಂಬ ಷರತ್ತನ್ನು ಮದುವೆಗೆ ಮೊದಲೇ ಹಾಕಿದ್ದರು. ಅವರು ಒಪ್ಪಿದರು, ಕೊನೆಯವರೆಗೂ ಅದರಂತೆ ನಡೆದುಕೊಂಡರು. ಇಬ್ಬರು ಗಂಡುಮಕ್ಕಳು ಹುಟ್ಟಿದರು. 1925ರಲ್ಲಿ ಹೆಚ್ಚಿನ ಅಧ್ಯಯನಕ್ಕೆ ಇಂಗ್ಲೆಂಡಿಗೆ ಹೋಗಿಬಂದರು.

ಶಾಸನಸಭೆಯಲ್ಲಿ ಒಬ್ಬಳೇ ಹೆಣ್ಣು

ಇಂಗ್ಲೆಂಡಿನಿಂದ ಬಂದ ಮೇಲೆ ಮಹಿಳಾ ಸಂಘದವರ ಒತ್ತಾಯದಿಂದ ಮದ್ರಾಸ್ ಶಾಸನಸಭೆಗೆ ನಾಮಕರಣಗೊಂಡರು. ಬ್ರಿಟಿಷ್ ಭಾರತದಲ್ಲಿ ಶಾಸನಸಭೆಯ ಸದಸ್ಯೆಯಾದ ಮೊದಲ ಹೆಣ್ಣುಮಗಳು ಅವರು. ಸಭೆಯವರೆಲ್ಲ ಸೇರಿ ಅವರನ್ನೇ ಉಪಾಧ್ಯಕ್ಷೆಯಾಗಿ ಆರಿಸಿದರು. ಸಭೆ ತುಂಬ ಗಂಡಸರು, ನಡುವೆ ಅವರೊಬ್ಬರೇ.

ಅಲ್ಲಿದ್ದ ಮೂರು ನಾಲ್ಕು ವರ್ಷಗಳಲ್ಲಿ ಅವರು ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿಸಬೇಕೆಂದು ವಾದಿಸಿದರು. ಹೆಂಗಸರ ಮತ್ತು ಮಕ್ಕಳ ಚಿಕಿತ್ಸೆಗೆ ಬೇರೆ ಆಸ್ಪತ್ರೆ ಬೇಕೆಂದರು. ವೇಶ್ಯಾಗೃಹಗಳಿಗೆ ಎಳೆಯ ಹುಡುಗಿಯರನ್ನು ಸಾಗಿಸುವುದನ್ನು ತಡೆಯುವ ಕಾನೂನಿಗೆ ದುಡಿದರು. ನಮ್ಮ ಕಾಲೇಜಿನ ಓದುಗರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಅವರ ಪ್ರಯತ್ನದಿಂದ ಮದ್ರಾಸಿನಲ್ಲಿ ಮುಸ್ಲಿಂ ವಿದ್ಯಾರ್ಥಿನಿಯರಿಗೆ ಹಾಸ್ಟೆಲ್ ಆಯಿತು, ಹರಿಜನ ಹುಡುಗಿಯರಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಪರ್ದಾದ ಮನೆಯ ಹುಡುಗಿ ದೂರದ ಊರಿನಲ್ಲಿ ಓದಬೇಕಾದರೆ ಮೊದಲು ಮನೆಯವರು ನಂಬುವ ಜಾಗ ಬೇಕು. ಇದು ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುವ ಮಾತು. ಹಾಸ್ಟೆಲ್ ಇಲ್ಲದ ಕಾರಣಕ್ಕೇ ಹತ್ತನೆಯ ತರಗತಿಗೆ ಓದು ನಿಂತವರು ನಮ್ಮ ಓಣಿಯಲ್ಲಿ ಇದ್ದಾರೆ.

1927ರ ನವೆಂಬರಿನಲ್ಲಿ ಅವರು ಹೆಣ್ಣುಮಕ್ಕಳನ್ನು ದೇವಸ್ಥಾನಗಳಿಗೆ ಬಿಡುವುದನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು ಸಭೆಯ ಮುಂದಿಟ್ಟರು. ಆದರೆ ನಿರ್ಣಯದಿಂದ ಪದ್ಧತಿ ನಿಲ್ಲುವುದಿಲ್ಲ, ಏಕೆಂದರೆ ಅದರ ಹಿಂದೆ ಜಮೀನಿನ ಲೆಕ್ಕ ಇತ್ತು. ಕಾಮರ್ಸ್ ಓದುವ ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಬೇಗ ಅರ್ಥವಾದ ಭಾಗ ಇದು. ದೇವಸ್ಥಾನದ ಸೇವೆ ಮಾಡುವ ಮನೆತನಕ್ಕೆ ಇನಾಂ ಜಮೀನು ಇರುತ್ತಿತ್ತು. ಸೇವೆ ನಡೆದರೆ ಜಮೀನಿನ ಫಸಲು ಮನೆಗೆ, ಸೇವೆ ನಿಂತರೆ ಜಮೀನು ಹೋಗುತ್ತದೆ. ಆದ್ದರಿಂದ ಒಬ್ಬಾಕೆಗೆ ವಯಸ್ಸಾದಾಗ ಆ ಜಾಗಕ್ಕೆ ಮನೆಯ ಇನ್ನೊಂದು ಮಗು ಬರಲೇಬೇಕು. ಮಗುವನ್ನು ಬಿಡುವುದು ಆ ಮನೆಯ ಆದಾಯ ಉಳಿಸುವ ದಾರಿಯಾಗಿತ್ತು. ಈ ಗಂಟನ್ನು ಬಿಡಿಸದೆ ಬರೀ ತಪ್ಪು ತಪ್ಪು ಎಂದರೆ ಯಾರೂ ಕೇಳುವುದಿಲ್ಲ.

ಅವರ ಪ್ರಯತ್ನದಿಂದ 1929ರಲ್ಲಿ ಮದ್ರಾಸಿನ ಹಿಂದೂ ಧರ್ಮಾದಾಯ ಕಾನೂನಿಗೆ ತಿದ್ದುಪಡಿ ಬಂತು. ಅದರಂತೆ ಸೇವೆಯ ಕಟ್ಟುಪಾಡಿನಿಂದ ಆ ಹೆಂಗಸರಿಗೆ ಬಿಡುಗಡೆ, ಆದರೆ ಜಮೀನು ಅವರಲ್ಲೇ ಉಳಿಯುತ್ತದೆ. ಸೇವೆ ಮತ್ತು ಅನ್ನ ಎರಡನ್ನೂ ಬೇರ್ಪಡಿಸಿದ್ದರಿಂದ ಮುಂದಿನ ಮಗುವನ್ನು ಬಿಡಬೇಕಾದ ಬಲವಂತ ಕಡಿಮೆಯಾಯಿತು. ಜಮೀನಿಲ್ಲದ ಬಡವರಿಗೆ ಇದರಿಂದ ಏನೂ ಸಿಗಲಿಲ್ಲ ಎಂಬುದೂ ನಿಜ. ನಮ್ಮ ಕಡೆಯ ಬಸವಿಯರಲ್ಲಿ ಅಂಥವರೇ ಹೆಚ್ಚು.

1930ರಲ್ಲಿ ಪೂರ್ಣ ನಿಷೇಧದ ಮಸೂದೆ ತಂದರು. ಅದೇ ವರ್ಷ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿಯ ಬಂಧನವಾದಾಗ ಅವರು ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಮಸೂದೆ ಕಾನೂನಾಗಲು ಇನ್ನೂ ಹದಿನೇಳು ವರ್ಷ ಹಿಡಿಯಿತು.

ವಿರೋಧಿಸಿದವರು

ಅವರನ್ನು ವಿರೋಧಿಸಿದವರು ಸನಾತನಿ ಗಂಡಸರು ಮಾತ್ರ ಆಗಿರಲಿಲ್ಲ. ದೇವದಾಸಿ ಕುಲದ ಕಲಾವಿದೆಯರೇ ಸಂಘ ಕಟ್ಟಿ ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ಮುಂದಾಳು ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ನಮ್ಮ ಕನ್ನಡ ನಾಡಿನ ಮಗಳು, ದೊಡ್ಡ ಸಂಗೀತಗಾರ್ತಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದವರು. ಸಂಗೀತ, ನೃತ್ಯ ಕಲಿತು, ಸ್ವಂತ ಆಸ್ತಿ ಇಟ್ಟುಕೊಂಡು ತಲೆ ಎತ್ತಿ ಬದುಕಿದ ಹೆಂಗಸರನ್ನೆಲ್ಲ ಒಂದೇ ಕೆಟ್ಟ ಹೆಸರಿನಿಂದ ಕರೆಯುವುದು ಅನ್ಯಾಯ ಎಂಬುದು ಅವರ ವಾದ.

ಈ ವಾದದಲ್ಲಿ ಸತ್ಯವಿದೆ ಎಂದು ನನಗೆ ಅನಿಸುತ್ತದೆ. ವಿದ್ಯೆ ಮತ್ತು ಆಸ್ತಿ ಇದ್ದ ಕಲಾವಿದೆ ತನ್ನ ಬದುಕಿನ ಬಗ್ಗೆ ತಾನೇ ಮಾತಾಡಬಲ್ಲಳು. ಆದರೆ ಎಂಟು ಹತ್ತು ವರ್ಷದ ಮಗುವಿಗೆ ಒಪ್ಪಿಗೆ ಕೊಡುವ ಶಕ್ತಿ ಇರುವುದಿಲ್ಲ. ಮುತ್ತುಲಕ್ಷ್ಮಿ ಅವರ ಕಣ್ಣಿದ್ದದ್ದು ಆ ಮಗುವಿನ ಮೇಲೆ. ಅವರು ಹೆರಿಗೆ ಆಸ್ಪತ್ರೆಯ ಡಾಕ್ಟರ್. ಬಾಲ್ಯದಲ್ಲೇ ಬಸುರಾದ ಹುಡುಗಿಯರ ದೇಹ ಏನಾಗುತ್ತದೆ ಎಂಬುದು ಸಭೆಯಲ್ಲಿದ್ದ ಯಾರಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂವರು ಹುಡುಗಿಯರು

ಈಗ ನಾನು ಮುಖ್ಯವೆಂದ ಕತೆಗೆ ಬರುತ್ತೇನೆ. 1930ರಲ್ಲಿ ಒಂದು ದಿನ ಮೂವರು ಹುಡುಗಿಯರು ಅವರ ಮನೆಯ ಬಾಗಿಲು ತಟ್ಟಿದರು. ಮೂವರೂ ದೇವದಾಸಿ ಮನೆಯವರು. ಆ ಬದುಕು ಬೇಡವೆಂದು ಓಡಿಬಂದಿದ್ದರು. ಓಡಿಬಂದವರಿಗೆ ಹೋಗಲು ಜಾಗವಿರಲಿಲ್ಲ. ಅವರನ್ನು ಹಾಸ್ಟೆಲಿಗೆ ಸೇರಿಸಲು ಮುತ್ತುಲಕ್ಷ್ಮಿ ಪ್ರಯತ್ನಿಸಿದರು. ಇಂಥ ಮನೆಯ ಹುಡುಗಿಯರನ್ನು ಇತರರ ಜೊತೆ ಇಟ್ಟುಕೊಳ್ಳಲು ಅಲ್ಲಿಯವರು ಸಿದ್ಧರಿರಲಿಲ್ಲ. ಆಗ ಅವರು ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು.

ಇಲ್ಲಿಂದ ಅವ್ವೈ ಹೋಮ್ ಹುಟ್ಟಿತು. ತಮಿಳಿನ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಮನೆಯಲ್ಲಿ ಶುರುವಾದದ್ದು ಕೆಲವೇ ವರ್ಷಗಳಲ್ಲಿ ಅಡ್ಯಾರಿನಲ್ಲಿ ಸ್ವಂತ ಜಾಗಕ್ಕೆ ಬಂತು. ದೇವದಾಸಿ ಮನೆಯ ಮಕ್ಕಳ ಜೊತೆಗೆ ಅನಾಥರು, ಗಂಡ ಬಿಟ್ಟವರು, ಯಾರೂ ದಿಕ್ಕಿಲ್ಲದ ಹುಡುಗಿಯರೂ ಬಂದರು. ಜಾತಿ ಕೇಳದೆ ಸೇರಿಸಿಕೊಂಡರು. ಶಾಲೆ ನಡೆಸಿದರು, ಮುಂದೆ ಶಿಕ್ಷಕಿಯರ ತರಬೇತಿ ಶಾಲೆಯೂ ಬಂತು. ಅಲ್ಲಿ ಬೆಳೆದವರು ಶಿಕ್ಷಕಿಯರಾದರು, ನರ್ಸುಗಳಾದರು. ಅವ್ವೈ ಹೋಮ್ ಇಂದಿಗೂ ಚೆನ್ನೈನಲ್ಲಿ ನಡೆಯುತ್ತಿದೆ.

ನಮ್ಮ ಮನೆಗಳಲ್ಲಿ ಯತೀಮ್ ಮಗುವಿನ ತಲೆ ನೇವರಿಸುವುದು ಸವಾಬಿನ ಕೆಲಸ ಎಂದು ಹಿರಿಯರು ಕಲಿಸುತ್ತಾರೆ. ನಮ್ಮ ಪ್ರವಾದಿಯವರೂ ಯತೀಮರಾಗಿಯೇ ಬೆಳೆದವರು. ಅದಕ್ಕೇ ಈ ಕತೆ ಬೇರೆ ಧರ್ಮದವರ ಕತೆ ಎಂದು ನನಗೆ ಅನಿಸಲಿಲ್ಲ. ಆದರೆ ತಲೆ ನೇವರಿಸಿ ಕಳಿಸುವುದಕ್ಕೂ ಮನೆಯೊಳಗೆ ಕರೆದು ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕೂ ಬಹಳ ಅಂತರವಿದೆ. ಎರಡು ಗಂಡುಮಕ್ಕಳ ತಾಯಿ, ಬಿಡುವಿಲ್ಲದ ಡಾಕ್ಟರ್, ಊರೆಲ್ಲ ಬೈಯುತ್ತಿದ್ದ ಕಾಲ. ಆದರೂ ಬಾಗಿಲು ತೆರೆದರು.

ಮನಸ್ಸಿನ ಗಾಯ

ಆ ಕಾಲದಲ್ಲಿ ಮಕ್ಕಳ ಮನಸ್ಸಿನ ಆಘಾತಕ್ಕೆ ಚಿಕಿತ್ಸೆ ಎಂಬ ಮಾತು ನಮ್ಮ ದೇಶದಲ್ಲಿ ಚಾಲ್ತಿಯಲ್ಲಿರಲಿಲ್ಲ. ಭಯಂಕರ ಘಟನೆಯ ನಂತರ ಉಳಿದುಬಿಡುವ ಮನೋವ್ಯಥೆಯನ್ನು ಈಗ ಪಿಟಿಎಸ್‌ಡಿ ಎನ್ನುತ್ತಾರೆ. ಆ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದೇ 1980ರಲ್ಲಿ, ಮುತ್ತುಲಕ್ಷ್ಮಿ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ. ಅವ್ವೈ ಹೋಮಿನಲ್ಲಿ ಇಂದಿನ ಅರ್ಥದ ಥೆರಪಿ ಇರಲಿಲ್ಲ. ಆದರೂ ಇಂದಿನ ವೈದ್ಯರು ಹೇಳುವ ಮೊದಲ ಮೆಟ್ಟಿಲುಗಳು ಅಲ್ಲಿ ಇದ್ದವು. ಇದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಮ್ಮ ವಯಸ್ಸಿನವರಿಗೆ ಇದು ಗೊತ್ತಿರಬೇಕು.

ದೌರ್ಜನ್ಯ, ಅಪಘಾತ, ಬೆಂಕಿ, ಮನೆಯ ಹಿಂಸೆ, ಕಣ್ಣೆದುರಿನ ಸಾವು, ಇಂಥವುಗಳಲ್ಲಿ ಸಿಕ್ಕ ಮಗು ಹೊರಗಿನಿಂದ ಸರಿಯಾಗಿಯೇ ಕಾಣಬಹುದು. ಆದರೆ ರಾತ್ರಿ ಕೆಟ್ಟ ಕನಸು ಬಿದ್ದು ಚೀರುತ್ತದೆ. ಸಣ್ಣ ಸದ್ದಿಗೂ ಬೆಚ್ಚುತ್ತದೆ. ಆ ಜಾಗದ ಕಡೆ, ಆ ಮನುಷ್ಯನ ಕಡೆ ಹೋಗಲು ಒಪ್ಪುವುದಿಲ್ಲ. ಚಿಕ್ಕ ಮಕ್ಕಳು ನಡೆದದ್ದನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುತ್ತಾರೆ. ನಮ್ಮ ವಯಸ್ಸಿನವರು ಸಿಟ್ಟಾಗುತ್ತಾರೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ, ಅಂಕ ಇಳಿಯುತ್ತದೆ. ತಪ್ಪು ನನ್ನದೇ ಎಂಬ ನಾಚಿಕೆ ಒಳಗೇ ಸುಡುತ್ತದೆ. ನಾವು ಅದನ್ನು ಸೋಮಾರಿತನ, ಕೊಬ್ಬು ಎಂದು ಕರೆದುಬಿಡುತ್ತೇವೆ. ಕೆಲವು ಮನೆಗಳಲ್ಲಿ ದೇವರ ಕಾಟ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ನಜರ್, ಜಿನ್ ಎಂದು ತಾವೀಜ್ ಕಟ್ಟುತ್ತಾರೆ. ಹಿರಿಯರ ದುಆ ಬೇಡ ಎಂದು ನಾನು ಹೇಳುವುದಿಲ್ಲ. ಜ್ವರ ಬಂದಾಗ ದುಆ ಮಾಡಿಯೂ ಡಾಕ್ಟರ ಬಳಿ ಹೋಗುತ್ತೇವೆ, ಇದಕ್ಕೂ ಹಾಗೆಯೇ ಹೋಗಬೇಕು.

ಇಂದಿನ ಚಿಕಿತ್ಸೆಯಲ್ಲಿ ಮೊದಲು ನೋಡುವುದು ಮಗು ಈಗ ಸುರಕ್ಷಿತವೇ ಎಂಬುದು. ನೋವು ಕೊಡುವವನು ಅದೇ ಮನೆಯಲ್ಲಿದ್ದರೆ ಮಾತಿನ ಚಿಕಿತ್ಸೆ ಹೆಚ್ಚು ಫಲ ಕೊಡುವುದಿಲ್ಲ. ಆಮೇಲೆ ಪ್ರತಿದಿನದ ಕ್ರಮ: ಊಟ, ನಿದ್ದೆ, ಶಾಲೆ, ಆಟ. ನಾಳೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮಗುವಿನ ಭಯ ಇಳಿಯುತ್ತದೆ. ಜೊತೆಗೆ ಬಿಟ್ಟುಹೋಗದ ಒಬ್ಬ ದೊಡ್ಡವರು ಬೇಕು. ಇಷ್ಟಾದ ಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಉಸಿರಾಟದ ಮೂಲಕ ಮೈ ಸಡಿಲಿಸುವುದನ್ನು, ಮನಸ್ಸಿನ ಭಾವನೆಗಳಿಗೆ ಹೆಸರು ಕೊಡುವುದನ್ನು ಕಲಿಸುತ್ತಾರೆ. ತಪ್ಪು ನಿನ್ನದಲ್ಲ ಎಂಬುದನ್ನು ನಿಧಾನವಾಗಿ ಮನದಟ್ಟು ಮಾಡುತ್ತಾರೆ. ಮಗು ಸಿದ್ಧವಾದಾಗ, ತನ್ನದೇ ವೇಗದಲ್ಲಿ, ನಡೆದದ್ದನ್ನು ಹೇಳುತ್ತದೆ, ಬರೆಯುತ್ತದೆ ಅಥವಾ ಚಿತ್ರ ಬಿಡಿಸುತ್ತದೆ. ನೆನಪು ಅಳಿಸುವುದಿಲ್ಲ, ಆದರೆ ಅದು ಬಂದಾಗಲೆಲ್ಲ ಮೈ ನಡುಗುವುದು ಕಡಿಮೆಯಾಗುತ್ತದೆ. ತಾಯಿ ಅಥವಾ ಸಾಕುವವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಅಮೆರಿಕದಲ್ಲಿ ಜುಡಿತ್ ಕೋಹೆನ್, ಆಂತೊನಿ ಮನ್ನರಿನೊ, ಎಸ್ತರ್ ಡೆಬ್ಲಿಂಜರ್ ಎಂಬ ಮೂವರು ರೂಪಿಸಿದ ಈ ಬಗೆಯ ಚಿಕಿತ್ಸೆ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಜೀವನಪೂರ್ತಿ ಮಾತ್ರೆ ನುಂಗಬೇಕು ಎಂಬ ಹೆದರಿಕೆ ಬೇಡ.

ಈಗ ಅವ್ವೈ ಹೋಮನ್ನು ಮತ್ತೆ ನೋಡಿ. ಸುರಕ್ಷಿತ ಮನೆ, ಶಾಲೆಯ ಕ್ರಮ, ಬಿಟ್ಟುಹೋಗದ ದೊಡ್ಡವರು, ಕೈಯಲ್ಲಿ ಒಂದು ಕೆಲಸ. ಮದ್ರಾಸಿನ ಒಬ್ಬ ಹೆರಿಗೆ ಡಾಕ್ಟರ್ ಯಾವ ಪಠ್ಯಪುಸ್ತಕವೂ ಇಲ್ಲದೆ ಇವನ್ನು ಒಂದೆಡೆ ಸೇರಿಸಿದರು. ಶಿಕ್ಷಕಿಯಾದ ಹುಡುಗಿಯನ್ನು ಜನ ಟೀಚರ್ ಎಂದು ಕರೆಯುತ್ತಾರೆ. ಹಳೆಯ ಹೆಸರಿನ ಜಾಗಕ್ಕೆ ಹೊಸ ಹೆಸರು ಬರುವುದೂ ಗಾಯ ಮಾಯುವ ಒಂದು ಭಾಗ ಎಂದು ನಾನು ತಿಳಿದಿದ್ದೇನೆ.

ಕೊನೆಯ ವರ್ಷಗಳು

1947ರಲ್ಲಿ ಮದ್ರಾಸ್ ದೇವದಾಸಿ ಸಮರ್ಪಣೆ ತಡೆ ಕಾನೂನು ಬಂದಾಗ ಅವರಿಗೆ 61 ವರ್ಷ. ಆ ವಯಸ್ಸಿನಲ್ಲಿ ಅವರು ಇನ್ನೊಂದು ದೊಡ್ಡ ಕೆಲಸದಲ್ಲಿದ್ದರು. ಬಹಳ ವರ್ಷಗಳ ಹಿಂದೆ ಅವರ ಪ್ರೀತಿಯ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಡಾಕ್ಟರಾಗಿದ್ದೂ ತಂಗಿಯನ್ನು ಉಳಿಸಿಕೊಳ್ಳಲಾಗದ ನೋವು ಅವರನ್ನು ಬಿಡಲಿಲ್ಲ. ಕ್ಯಾನ್ಸರಿಗೆ ಮದ್ದಿಲ್ಲ, ಅದಕ್ಕೆ ಬೇರೆ ಆಸ್ಪತ್ರೆ ಏಕೆ ಎಂದು ಹಲವರು ಹೇಳುತ್ತಿದ್ದ ಕಾಲದಲ್ಲಿ ಅವರು ಹಣ ಕೂಡಿಸಿದರು. 1952ರಲ್ಲಿ ಪ್ರಧಾನಿ ನೆಹರು ಅಡಿಗಲ್ಲು ಹಾಕಿದರು. 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಶುರುವಾಯಿತು. ಅವರ ಮಗ ಡಾ. ಕೃಷ್ಣಮೂರ್ತಿ ಅದನ್ನು ಬೆಳೆಸಿದರು. ನಮ್ಮ ರಾಜ್ಯದಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ.

1956ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. 1968ರ ಜುಲೈ 22ರಂದು, 82 ತುಂಬಲು ಎಂಟು ದಿನ ಇರುವಾಗ, ಅವರು ಮದ್ರಾಸಿನಲ್ಲಿ ತೀರಿಕೊಂಡರು.

ನಮ್ಮ ತಾಲ್ಲೂಕಿನಲ್ಲಿ ಇಂದು

1947ರ ಕಾನೂನಿನಿಂದ ನಮ್ಮ ಬೆಟ್ಟದಲ್ಲಿ ಪದ್ಧತಿ ಒಂದೇ ದಿನಕ್ಕೆ ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ 1982ರಲ್ಲಿ ಮತ್ತೆ ತನ್ನದೇ ದೇವದಾಸಿ ನಿಷೇಧ ಕಾನೂನು ಮಾಡಬೇಕಾಯಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದರು. ಇವರಲ್ಲಿ ಬಳ್ಳಾರಿ, ವಿಜಯನಗರ, ಕೊಪ್ಪಳ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯವರು ಬಹಳ. ಅವರಿಗೆ ಸರ್ಕಾರದಿಂದ ಮಾಸಾಶನವಿದೆ. ಅವರ ಮಕ್ಕಳು ನಮ್ಮ ಜೊತೆಗೇ ಶಾಲೆ, ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಖಾನೆ ನಮಗೆ ಒಂದು ಗೆರೆ ಅಷ್ಟೇ. ಅವರಿಗೆ ಅದು ಪ್ರತಿವರ್ಷ ಎಲ್ಲರೆದುರು ಕೇಳುವ ಪ್ರಶ್ನೆ. ಮುತ್ತುಲಕ್ಷ್ಮಿ ಅವರನ್ನೂ ಪುದುಕೋಟೆಯ ಕಾಲೇಜಿನ ಬಾಗಿಲಲ್ಲಿ ಇಂಥದೇ ಪ್ರಶ್ನೆ ಕೇಳಿದ್ದರು ಎಂಬುದನ್ನು ನೆನಪಿಡೋಣ.

ನೆರವು ಎಲ್ಲೋ ದೂರದಲ್ಲಿದೆ ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಒಂದು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೇ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿ ಪ್ರಯೋಗ ಮಾಡಿತು. ಆ ಜಿಲ್ಲೆ ನಮ್ಮ ಬಳ್ಳಾರಿ. ಆಗ ಹರಪನಹಳ್ಳಿಯೂ ಅದರಲ್ಲಿತ್ತು. ಆ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ ನೆಲದಲ್ಲಿರುವ ನಾವು ಮನಸ್ಸಿನ ಡಾಕ್ಟರ ಬಳಿ ಹೋಗಲು ನಾಚಿಕೆಪಡುವುದು ಸರಿಯಲ್ಲ.

ಎರಡು ನಂಬರುಗಳನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಕಷ್ಟದಲ್ಲಿರುವ ಮಗುವಿಗೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾನೂನಿನಂತೆ ಇಂಥ ವಿಷಯ ತಿಳಿದ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಹೆಸರು, ಗುರುತು ಎಲ್ಲಿಯೂ ಪ್ರಕಟಿಸುವಂತಿಲ್ಲ.

ವಿದ್ಯಾರ್ಥಿಗಳಾದ ನಾವು ಥೆರಪಿ ಮಾಡಲಾರೆವು, ಮಾಡಲು ಹೋಗಲೂಬಾರದು. ಆದರೆ ಗೆಳತಿಯೊಬ್ಬಳು ಏನನ್ನಾದರೂ ಹೇಳಿಕೊಂಡರೆ ನಂಬಬಹುದು. ಬಿಡಿಸಿ ಬಿಡಿಸಿ ಕೇಳದೆ ಸುಮ್ಮನೆ ಪಕ್ಕದಲ್ಲಿ ಕೂರಬಹುದು. ವಾಟ್ಸಾಪಿನಲ್ಲಿ ಹರಡದೆ ಇರಬಹುದು. ಅವಳ ಜೊತೆಗೆ ಒಬ್ಬ ನಂಬಿಕೆಯ ಉಪನ್ಯಾಸಕಿಯ ಬಳಿ ಹೋಗಬಹುದು. ಒಂದು ವಾರದಿಂದ ಕ್ಲಾಸಿಗೆ ಬಾರದವಳ ಮನೆಗೆ ಹೋಗಿ ವಿಚಾರಿಸಬಹುದು. ಉಪನ್ಯಾಸಕರಲ್ಲಿ ನನ್ನ ವಿನಂತಿ ಒಂದೇ: ಅಂಕ ಇಳಿದ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಬೈಯುವ ಮೊದಲು ಒಂದು ಸಲ ಒಬ್ಬಳನ್ನೇ ಕರೆದು ಚೆನ್ನಾಗಿದ್ದೀಯಾ ಎಂದು ಕೇಳಿ.

ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನಲ್ಲಿ ತಮಿಳುನಾಡಿನಲ್ಲಿ ಹೆರಿಗೆ ನೆರವಿನ ಯೋಜನೆ ಇದೆ. ನಮ್ಮ ಕಡೆ ಅವರ ಹೆಸರಿನ ರಸ್ತೆಯೂ ಇಲ್ಲ, ಶಾಲೆಯೂ ಇಲ್ಲ. ಮುಂದಿನ ಜುಲೈ 30ರಂದು ನಮ್ಮ ಕಾಲೇಜಿನ ಪ್ರಾರ್ಥನಾ ಸಭೆಯಲ್ಲಿ ಐದು ನಿಮಿಷ ಅವರ ಬಗ್ಗೆ ಮಾತಾಡಿ, ಆ ಎರಡು ನಂಬರುಗಳನ್ನು ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ಸಾಕು ಎಂದು ನನ್ನ ಅನಿಸಿಕೆ. ಬರೆಯುವ ಕೆಲಸ ನಾನು ಮಾಡುತ್ತೇನೆ.